ಒಂದೇ ಖೋಲಿ, ಮೂರು ಬಾಡಿಗೆ

ಹುಕ್ಕೇರಿಯಿಂದ ಮಕ್ಕಳನ್ನು ಓದಿಗೆಂದು ಬೆಳಗಾವಿಗೆ ಕಳಿಸುವ ಪಾಲಕರು ಈಗ ಬಾಡಿಗೆ ಖೋಲಿಯನ್ನು ಮೊದಲು ಹುಡುಕುವುದು ಮೊಬೈಲಿನಲ್ಲಿ. ಸಂಕೇಶ್ವರದ ಹೆದ್ದಾರಿ ಬದಿಗೆ ಪ್ಲಾಟು ಬೇಕೆಂದರೂ ಅದೇ ದಾರಿ. ಅಲ್ಲಿ ಒಂದೇ ಖೋಲಿ ಮೂರು ಕಡೆ, ಮೂರು ಬಾಡಿಗೆಗೆ ಕಾಣುವುದುಂಟು. ಇದು ಹೇಗೆ?

ಮಾಲೀಕ ಒಬ್ಬ ಏಜೆಂಟನಿಗೆ ಫೋಟೊ ಕೊಡುತ್ತಾನೆ. ಅದು ವಾಟ್ಸ್‌ಆ್ಯಪ್ ಮೂಲಕ ಇನ್ನಿಬ್ಬರ ಕೈಸೇರುತ್ತದೆ. ಪ್ರತಿಯೊಬ್ಬನೂ ತನ್ನ ಕಮಿಷನ್ ಲೆಕ್ಕ ಹಿಡಿದು, ತನ್ನ ಹೆಸರಿನಲ್ಲಿ, ಬೇರೆ ಬೇರೆ ಜಾಲತಾಣಕ್ಕೆ ಏರಿಸುತ್ತಾನೆ. ಖೋಲಿ ಬಾಡಿಗೆಗೆ ಹೋದದ್ದು ಮೂರನೆಯವನಿಗೆ ಗೊತ್ತೇ ಆಗದು. ಅವನ ಜಾಹೀರಾತು ಹಾಗೆಯೇ ಉಳಿಯುತ್ತದೆ. ಪಟ್ಟಿಯಲ್ಲಿ ಮೇಲಿರುವುದೆಲ್ಲ ಒಳ್ಳೆಯದೆಂದೂ ಅಲ್ಲ. ಹೆಚ್ಚು ಹಣ ಕಟ್ಟಿದವರ ಜಾಹೀರಾತಿಗೆ ಮೇಲಿನ ಜಾಗ ಸಿಗುವುದು ಸಾಮಾನ್ಯ.

ಅಮೆರಿಕದಲ್ಲಿ ದಲ್ಲಾಳಿಗಳೇ ಕೂಡಿ ನಡೆಸುವ ಸಾಮಾನ್ಯ ಪಟ್ಟಿಗಳಿವೆ. ‘ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್’ ಎಂದು ಹೆಸರು. ಮಾರಾಟದ ಮನೆಯನ್ನು ಒಬ್ಬ ದಾಖಲಿಸಿದರೆ ಅದೇ ವಿವರ ಉಳಿದವರ ಜಾಲತಾಣಗಳಿಗೂ ಹೋಗುತ್ತದೆ. ಮೂಲದಲ್ಲಿ ಬದಲಾದರೆ ಅಲ್ಲೂ ಬದಲಾಗುತ್ತದೆ. ಭಾರತದಲ್ಲಿ 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಬಂದವು. ಒಂದರ ಪಟ್ಟಿಗೂ ಇನ್ನೊಂದರ ಪಟ್ಟಿಗೂ ಸಂಬಂಧವಿಲ್ಲ.

ಪ್ಲಾಟಿನ ವಿಷಯದಲ್ಲಿ ಕಾನೂನಿನ ಆಸರೆ ಸ್ವಲ್ಪ ಇದೆ. 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಕೊಡುವಂತಿಲ್ಲ. ನೋಂದಣಿ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕು. ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ತಾಳೆ ನೋಡಬಹುದು. ಆದರೆ 500 ಚದರ ಮೀಟರೆಂದರೆ ಸುಮಾರು ಐದು ಗುಂಟೆ. ಹೊಲದ ಅಂಚಿನಲ್ಲಿ ಒಂದೆರಡು ಗುಂಟೆ ಮಾರುವವನಿಗೆ ಈ ಕಟ್ಟು ತಾಗದು. ಅಲ್ಲಿ ಸರ್ವೆ ನಂಬರು ಕೇಳಲೇಬೇಕು. ನಂಬರು ಸಿಕ್ಕರೆ ಪಹಣಿಯನ್ನು, ಈ ಭಾಗದವರ ಮಾತಿನಲ್ಲಿ ಉತಾರವನ್ನು, ‘ಭೂಮಿ’ ಜಾಲತಾಣದಲ್ಲಿ ಯಾರೂ ನೋಡಬಹುದು. ಕೊಡಲು ಹಿಂದೆಮುಂದೆ ನೋಡುವವನ ಪ್ಲಾಟನ್ನು ಅಲ್ಲಿಗೇ ಬಿಡುವುದು ಲೇಸು. ಅಳತೆಯ ಲೆಕ್ಕವನ್ನು ಮನೆಯ ವಿದ್ಯಾರ್ಥಿಗೇ ವಹಿಸಬಹುದು: ಗುಂಟೆಗೆ 1,089 ಚದರ ಅಡಿ. ‘ಒಂದು ಗುಂಟೆ, 30–40 ಸೈಟು’ ಎಂದು ಬರೆದಿದ್ದರೆ 111 ಚದರ ಅಡಿ ಎಲ್ಲಿಂದ ಬಂತೆಂದು ಅವರೇ ಕೇಳಿಯಾರು.

ಬಾಡಿಗೆ ಖೋಲಿಗೆ ರೇರಾ ಇಲ್ಲ, ಉತಾರ ನೋಡುವವರೂ ಇಲ್ಲ. ಮೋಸ ಹೆಚ್ಚು ನಡೆಯುವುದು ಅಲ್ಲೇ. ಫೋಟೊ ಬೇರೆ ಯಾರದೋ ಮನೆಯದು. ‘ಇನ್ನೂ ನಾಲ್ಕು ಮಂದಿ ಕೇಳುತ್ತಿದ್ದಾರೆ, ಟೋಕನ್ ಹಾಕಿ’ ಎಂಬ ಅವಸರ. ಖೋಲಿ ಕಣ್ಣಾರೆ ನೋಡುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬಾರದು. ಕಳಿಸಿ ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿರುತ್ತದೆ.