ಎದೆ ಆಪರೇಷನ್ನಿನ ಉಪಕರಣದ ಬಿಲ್ಲು ಬಡವರ ಮೇಲೇಕೆ?

ನಮ್ಮ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯರೇ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಂಧುಗಳೇ,

ಶ್ವಾಸಕೋಶಕ್ಕೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಭಾಗದ ಮನೆಗಳಲ್ಲಿ ಎರಡೇ ಮಾತು: ಎಲ್ಲಿಗೆ ಒಯ್ಯುವುದು, ಎಷ್ಟು ಹೊಂದಿಸುವುದು? ಕಾಗವಾಡ, ಅಥಣಿಯವರು ಮಿರಜದ ದಾರಿ ಹಿಡಿಯುತ್ತಾರೆ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೆ ಹೋಗುತ್ತಾರೆ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ, ಪುಣೆ, ಬೆಂಗಳೂರು.

ಇಷ್ಟು ಕಠಿಣ ಆಪರೇಷನ್ನು ತಾಲ್ಲೂಕು ದವಾಖಾನೆಯಲ್ಲೇ ಆಗಲಿ ಎಂದು ನಮ್ಮಲ್ಲಿ ಯಾರೂ ಹಟ ಹಿಡಿದಿಲ್ಲ. ದೂರದ ದೊಡ್ಡ ದವಾಖಾನೆ ಸೇರಿದ ಮೇಲೆ ನಮ್ಮ ಕೈಗೆ ಬರುವ ಚೀಟಿಯ ಬಗ್ಗೆ ಈ ಪತ್ರ.

ಆಪರೇಷನ್ನಿಗೆ ತಾರೀಖು ಸಿಗುತ್ತದೆ. ಅದರ ಬೆನ್ನಿಗೇ ಚೀಟಿ ಬರುತ್ತದೆ. ರಕ್ತನಾಳ ಸೀಲ್ ಮಾಡುವ ಹ್ಯಾಂಡ್‌ಪೀಸ್, ಸ್ಟೇಪ್ಲರಿನ ಕಾರ್ಟ್ರಿಜ್ ಹೊರಗಿನಿಂದ ತನ್ನಿ, ಇಲ್ಲವೇ ಬೇರೆ ದುಡ್ಡು ಕಟ್ಟಿ ಎಂದು ಅದರಲ್ಲಿರುತ್ತದೆ. ಸರ್ಕಾರದ ಆರೋಗ್ಯ ಕಾರ್ಡ್ ಇದೆ, ಎಲ್ಲ ಉಚಿತ ಎಂದು ನಂಬಿ ಬಂದವರಿಗೆ ಇದು ಹತ್ತಾರು ಸಾವಿರದ ಹೊರೆ. ಆ ರಾತ್ರಿಯೇ ಊರಿಗೆ ಫೋನು ಹೋಗುತ್ತದೆ. ಎಮ್ಮೆ ಮಾರುವ, ಬಂಗಾರ ಒತ್ತೆ ಇಡುವ, ಬರಬೇಕಾದ ಕಬ್ಬಿನ ಬಿಲ್ಲು ತೋರಿಸಿ ಕೈಗಡ ಎತ್ತುವ ಮಾತು ಶುರುವಾಗುತ್ತದೆ.

ಚೀಟಿಯಲ್ಲಿ ಬರೆದ ಈ ಉಪಕರಣವನ್ನು ಶೋಕಿಯ ಸಾಮಾನು ಎಂದು ಯಾರೂ ತಿಳಿಯಬಾರದು. ಟಿ.ಬಿ. ಬಂದು ಹೋದವರಲ್ಲಿ ಎಷ್ಟೋ ಸಲ ಶ್ವಾಸಕೋಶ ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವಾಗ ಎಲ್ಲೆಡೆಯಿಂದ ರಕ್ತ ಜಿನುಗುತ್ತದೆ. ಒಂದು ಬಗೆಯ ಉಪಕರಣದ ತುದಿ ಸೆಕೆಂಡಿಗೆ ಸುಮಾರು 55,000 ಸಲ ಕಂಪಿಸಿ, ಆ ಕಾವಿನಲ್ಲಿ ಸಣ್ಣ ನಾಳವನ್ನು ಮುಚ್ಚಿ ಕತ್ತರಿಸುತ್ತದೆ. ಇನ್ನೊಂದು ಬಗೆಯದು ಇಕ್ಕಳದಂತೆ ನಾಳವನ್ನು ಹಿಡಿದು, ವಿದ್ಯುತ್ ಹರಿಸಿ, ಅದರ ಗೋಡೆಗಳನ್ನೇ ಬೆಸೆಯುತ್ತದೆ. 7 ಮಿಲಿಮೀಟರ್ ದಪ್ಪದವರೆಗಿನ ನಾಳಗಳಿಗೆಂದು ಇದನ್ನು ರೂಪಿಸಿದ್ದಾರೆ. ಬೆಸುಗೆ ಆಯಿತೇ ಎಂದು ಯಂತ್ರವೇ ಅಳೆದು ವಿದ್ಯುತ್ ನಿಲ್ಲಿಸುತ್ತದೆ. ಶ್ವಾಸಕೋಶದ ದೊಡ್ಡ ರಕ್ತನಾಳಕ್ಕೆ, ಗಾಳಿಯ ಕೊಳವೆಗೆ ಮಾತ್ರ ಸ್ಟೇಪ್ಲರ್ ಅಥವಾ ಹೊಲಿಗೆಯೇ ಬೇಕು.

ನುರಿತ ಸರ್ಜನ್ನರು ಎದೆ ತೆರೆದು, ದಾರ ಕಟ್ಟಿ, ಸುಟ್ಟು ರಕ್ತ ನಿಲ್ಲಿಸುವ ಹಳೆಯ ಕಾಟರಿಯಿಂದಲೂ ಆಪರೇಷನ್ ಮಾಡಬಲ್ಲರು, ನಿಜ. ಆದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವಾಗ ಒಳಗೆ ಕೈ ಹಾಕಿ ಗಂಟು ಬಿಗಿಯಲು ಜಾಗವಿರುವುದಿಲ್ಲ. ಅಲ್ಲಿ ಈ ಉಪಕರಣದ ನೆರವು ಬೇಕು. ಗಾಯ ಸಣ್ಣದಾದರೆ ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು. ದಿನಗೂಲಿಯ ಮನೆಗೆ ಈ ಅನುಕೂಲ ಎಲ್ಲರಿಗಿಂತ ಹೆಚ್ಚು ಬೇಕು. ದುಡ್ಡಿಲ್ಲದ ಕಾರಣಕ್ಕೆ ಅದು ತಪ್ಪುವುದೂ ಅವರಿಗೇ.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಸ್ವೀಡನ್ನಿನಲ್ಲಿ 1910ರ ದಶಕದಲ್ಲೇ ಟಿ.ಬಿ. ರೋಗಿಗಳ ಎದೆಯೊಳಗೆ ದರ್ಶಕ ಇಳಿಸಿ, ವಿದ್ಯುತ್ತಿನಿಂದ ಕಾಯಿಸಿದ ತುದಿಯಿಂದ ಅಂಟುಗಳನ್ನು ಬಿಡಿಸಿದ್ದರು. ಇಂದಿನ ಸೀಲ್ ಉಪಕರಣಗಳು ಮಾರುಕಟ್ಟೆಗೆ ಬಂದದ್ದು 1990ರ ದಶಕದಲ್ಲಿ. ಇಷ್ಟು ವರ್ಷಗಳ ಮೇಲೂ ನಮ್ಮ ಬಡ ರೋಗಿಗೆ ಅದು ‘ಎಕ್ಸ್‌ಟ್ರಾ’ ಆಗಿಯೇ ಉಳಿದಿದೆ.

ಇದರ ಪೆಟ್ಟು ಯಾರಿಗೆ? ನಿಪ್ಪಾಣಿ ಸುತ್ತಿನ ಹೊಲಗಳಲ್ಲಿ ಬೀಡಿ ತಂಬಾಕು ಬೆಳೆಯುತ್ತದೆ. ವಖಾರಿಗಳಲ್ಲಿ ಅದರ ಧೂಳಿನ ನಡುವೆ ಹೆಂಗಸರು ದುಡಿಯುತ್ತಾರೆ, ಮನೆಮನೆಗಳಲ್ಲಿ ಬೀಡಿ ಕಟ್ಟುತ್ತಾರೆ. 1981ರಲ್ಲಿ ಇದೇ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕೂತಿದ್ದರು. ಕೃಷ್ಣೆ, ದೂಧಗಂಗೆಯ ದಂಡೆಯಲ್ಲಿ ಕಬ್ಬು ಕಡಿಯುವವರು ರವದಿ ಸುಟ್ಟ ಹೊಗೆ ಕುಡಿಯುತ್ತಾರೆ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್, ಟಿ.ಬಿ. ಎರಡರ ಅಪಾಯವೂ ಹೆಚ್ಚು. ಎದೆಯಲ್ಲಿ ಕೀವು ತುಂಬಿಕೊಂಡವರು, ಕೆಮ್ಮಿದಾಗ ರಕ್ತ ಉಗುಳುವವರು ನಮ್ಮ ಓಣಿಯವರೇ, ನಿಮ್ಮ ಓಣಿಯವರೇ.

2018ರಿಂದ ನಮ್ಮ ಕೈಯಲ್ಲಿ ಆರೋಗ್ಯ ಕಾರ್ಡ್ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಹೇಳಿದ್ದೀರಿ. ಒಳ್ಳೆಯದು, ಅದರಿಂದ ಜೀವ ಉಳಿದವರಿದ್ದಾರೆ. ಆದರೆ ಆಪರೇಷನ್ನಿಗೆ ಪ್ಯಾಕೇಜ್ ಕಟ್ಟಿ, ಅದಕ್ಕೆ ಬೇಕಾದ ಉಪಕರಣವನ್ನು ರೋಗಿಯ ಜೇಬಿಗೆ ಬಿಟ್ಟರೆ ಉಚಿತ ಎಂಬ ಮಾತಿಗೆ ಅರ್ಥವೇನು? ಗಡಿ ದಾಟಿ ಮಿರಜ, ಕೊಲ್ಹಾಪುರಕ್ಕೆ ಹೋದರಂತೂ ಕಾರ್ಡ್ ನಡೆಯುತ್ತದೋ ಇಲ್ಲವೋ ಎಂಬುದು ಕೌಂಟರಿನ ಮುಂದೆ ನಿಂತಾಗಲೇ ಗೊತ್ತಾಗುವುದು.

ಬೆಲೆಗೆ ಕಡಿವಾಣ ಹಾಕಲು ಬರುವುದಿಲ್ಲ ಎನ್ನುವಂತಿಲ್ಲ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗೆ, ಅದೇ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೆ ದೇಶದಲ್ಲಿ ಗರಿಷ್ಠ ಬೆಲೆ ನಿಗದಿಯಾಯಿತು. ಹೃದಯಕ್ಕೆ, ಮೊಣಕಾಲಿಗೆ ಆದದ್ದು ಶ್ವಾಸಕೋಶಕ್ಕೆ ಏಕೆ ಆಗಬಾರದು?

ಇನ್ನೊಂದು ಮಾತು. ಒಂದೇ ಸಲ ಬಳಸಿ ಬಿಸಾಡಬೇಕೆಂದು ತಯಾರಿಸಿದ ಹ್ಯಾಂಡ್‌ಪೀಸುಗಳನ್ನು ಮತ್ತೆ ಶುದ್ಧಮಾಡಿ ಬಳಸುವ ರೂಢಿ ನಮ್ಮ ದೇಶದಲ್ಲಿದೆ. ದುಡ್ಡು ಕೊಟ್ಟವರಿಗಾದರೂ ತಮಗೆ ಹೊಸದು ಬಳಸಿದರೋ ಹಳೆಯದೋ ತಿಳಿಯಬೇಡವೇ? ಬಿಲ್ಲಿನಲ್ಲಿ ‘ಸಾಮಗ್ರಿ’ ಎಂಬ ಒಂದೇ ಸಾಲು ಕಂಡರೆ ನಾವು ಯಾರನ್ನು ಕೇಳಬೇಕು?

ಅರ್ಜಿ ಕೊಟ್ಟರೆ ಸ್ವೀಕೃತಿಯ ಮುದ್ರೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ತಾಲ್ಲೂಕಿನಲ್ಲಿ ಕೇಳಿದರೆ ಜಿಲ್ಲೆಗೆ ಹೋಗಿ ಎನ್ನುತ್ತಾರೆ, ಜಿಲ್ಲೆಯಲ್ಲಿ ಕೇಳಿದರೆ ಬೆಂಗಳೂರಿನತ್ತ ಕೈ ತೋರಿಸುತ್ತಾರೆ. ಗಡಿಯ ಜನರ ಮೇಲಿನ ಅಭಿಮಾನ ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅವರ ಕೆಮ್ಮು ಮಾತ್ರ ನಿಮಗೆ ಕೇಳಿಸುತ್ತಿಲ್ಲ.

ನಾವು ಕೇಳುವುದು ನಾಲ್ಕೇ. ಎದೆ ಆಪರೇಷನ್ನಿನ ಪ್ಯಾಕೇಜಿನಲ್ಲಿ ಸೀಲ್ ಉಪಕರಣವನ್ನೂ ಸ್ಟೇಪ್ಲರನ್ನೂ ಸೇರಿಸಿ, ಹೊರಗಿನಿಂದ ತರಿಸುವುದನ್ನು ನಿಲ್ಲಿಸಿ. ಅವುಗಳಿಗೆ ಗರಿಷ್ಠ ಬೆಲೆ ಕಟ್ಟಿ. ಬಳಸಿದ್ದು ಏನು, ಹೊಸದೋ ಹಳೆಯದೋ ಎಂಬುದನ್ನು ಬಿಲ್ಲಿನಲ್ಲಿ ಕನ್ನಡದಲ್ಲಿ ಬರೆಸಿ. ಗಡಿಯಾಚೆ ಎಲ್ಲೆಲ್ಲಿ ನಮ್ಮ ಕಾರ್ಡ್ ನಡೆಯುತ್ತದೆ ಎಂಬ ಪಟ್ಟಿಯನ್ನು ಐದೂ ತಾಲ್ಲೂಕುಗಳ ಸರ್ಕಾರಿ ದವಾಖಾನೆಗಳ ಗೋಡೆಗೆ ಹಾಕಿ.

ಬಂಧುಗಳೇ, ಅಂಥ ಚೀಟಿ, ಬಿಲ್ಲು ನಿಮ್ಮ ಮನೆಯಲ್ಲಿದ್ದರೆ ಹರಿದು ಬಿಸಾಡಬೇಡಿ. ಅದರ ನಕಲು ಹಚ್ಚಿ, ಹೆಸರು ಬರೆದು, ಅರ್ಜಿ ಕೊಡಿ. ಉತ್ತರ ಬರುವವರೆಗೆ ಮತ್ತೆ ಮತ್ತೆ ಕೊಡಿ. ಒಬ್ಬೊಬ್ಬರೇ ಸಾಲ ಮಾಡಿ ಸುಮ್ಮನಾದದ್ದು ಸಾಕು, ಇನ್ನು ಐದು ತಾಲ್ಲೂಕಿನವರೂ ಕೂಡಿ ಕೇಳೋಣ.

ಇಂತಿ,
ನಿಮ್ಮಂತೆಯೇ ಬಾಧೆಪಟ್ಟ ಗಡಿಭಾಗದ ಒಬ್ಬ ನಿವಾಸಿ