ಎಲ್ಲವೂ ‘ಖರಾಬ’ವೇ?

ಹಾಲು ಒಡೆದರೆ ಖರಾಬ. ಅನ್ನ ಹಳಸಿದರೆ ಖರಾಬ. ಹೊಲಕ್ಕೆ ಸವಳು ಏರಿದರೆ ಖರಾಬ. ಹುಡುಗ ದಾರಿ ಬಿಟ್ಟರೆ ಅವನೂ ಖರಾಬ! ಖಂಡೇರಾಜುರಿಯಿಂದ ಮಿರಜದ ಸಂತೆಯವರೆಗೆ ನಡೆದು ಬರುವವನ ಕಿವಿಗೆ ಈ ಒಂದು ಶಬ್ದ ಎಷ್ಟು ಸಲ ಬೀಳುತ್ತದೆಂಬುದನ್ನು ವಾಚಕರೇ ಎಣಿಸಿ ನೋಡಲಿ. ಕೆಡುವ ವಸ್ತುಗಳು ನೂರು, ಕೆಡುವ ಬಗೆಗಳು ನೂರು. ಹೇಳುವ ಮಾತು ಮಾತ್ರ ಒಂದೇ. ಇದನ್ನು ನಾವು ಭಾಷೆಯ ಸರಳತೆಯೆಂದು ಒಪ್ಪಲಾರೆವು; ಇದು ಭಾಷೆಯ ಬಡತನ.

ನಮ್ಮನ್ನು ಮಡಿವಂತರೆಂದು ಯಾರೂ ತಿಳಿಯಬಾರದು. ‘ಖರಾಬ’ ಅರಬ್ಬೀ ಮೂಲದ ಶಬ್ದ. ಪಾರಸಿಯ ಮೂಲಕ ಬಂದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ನೆಲೆ ನಿಂತಿದೆ. ಬಂದ ಅತಿಥಿಯನ್ನು ಹೊರದೂಡಬೇಕೆಂಬುದು ನಮ್ಮ ವಾದವಲ್ಲ. ಆದರೆ ಅತಿಥಿ ಬಂದನೆಂದು ಮನೆಯವರನ್ನೆಲ್ಲ ಹೊರಗೆ ಹಾಕುವುದು ಯಾವ ನ್ಯಾಯ? ನೆರೆಯ ಮರಾಠಿಯ ಮೇಲೆ ಈ ತಪ್ಪನ್ನು ಹೊರಿಸುವುದೂ ಸಲ್ಲದು. ಹೊರಗೆ ಹಾಕಿದವರು ನಾವೇ.

ಹೊರಗೆ ಬಿದ್ದವರು ಯಾರು ಯಾರು? ಅನ್ನ ಹಳಸುತ್ತದೆ, ಹಿಟ್ಟು ಮುಗ್ಗುತ್ತದೆ, ಹಣ್ಣು ಕೊಳೆಯುತ್ತದೆ. ಜೋಳಕ್ಕೆ ನುಸಿ ಬೀಳುತ್ತದೆ, ತೊಲೆಗೆ ಒರಲಿ ಹತ್ತುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಗೋಡೆ ಕುಸಿಯುತ್ತದೆ, ಬಾವಿ ಬತ್ತುತ್ತದೆ, ಕೆರೆ ಹೂಳು ತುಂಬುತ್ತದೆ, ನಂಟು ಮುರಿಯುತ್ತದೆ. ಇವುಗಳಲ್ಲಿ ಒಂದೊಂದು ಮಾತೂ ಕೇಡನ್ನು ಹೇಳುವುದರ ಜೊತೆಗೆ ಕೇಡಿನ ಕಾರಣವನ್ನೂ ಹೇಳುತ್ತದೆ. ಕಾರಣ ತಿಳಿದವನಿಗೆ ಉಪಾಯ ದೂರವಿಲ್ಲ.

ಭೂಮಿಯ ಮಾತನ್ನೇ ನೋಡೋಣ. ಉಳದೆ ಬಿಟ್ಟದ್ದು ಬೀಳು, ಜನ ತೊರೆದು ಹೋದದ್ದು ಪಾಳು, ಉಪ್ಪೇರಿದ್ದು ಸವಳು, ನೀರು ನಿಂತು ಜೌಗಾದದ್ದು ಜವಳು. ಬೀಳಿಗೆ ನೇಗಿಲು ಸಾಕು. ಜವಳಿಗೆ ಬಸಿಗಾಲುವೆ ಬೇಕು. ಸವಳಿಗೆ ಉಪ್ಪನ್ನು ತೊಳೆದು ಹೊರಗೆ ಹರಿಸುವ ಏರ್ಪಾಡು ಬೇಕು. ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ಮಿತಿಮೀರಿ ನೀರುಣಿಸಿ ಕೆಟ್ಟ ಭೂಮಿಗೂ ನಮ್ಮ ಬದಿಯ ಬೀಳು ಹೊಲಕ್ಕೂ ‘ಖರಾಬ’ ಎಂಬ ಒಂದೇ ಹೆಸರಿಟ್ಟರೆ ಮದ್ದು ಯಾವುದೆಂದು ಹೇಳುವವರಾರು? ದ್ರಾಕ್ಷಿಯ ಬಳ್ಳಿಗೂ ಇದೇ ಮಾತು ಸಲ್ಲುತ್ತದೆ. ಬೂದಿರೋಗಕ್ಕೆ ಗಂಧಕ, ಬೂಜುರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣ. ‘ಬಾಗ ಖರಾಬ ಆತು’ ಎಂಬವನಿಗೆ ಅಂಗಡಿಯವನು ಕೊಟ್ಟದ್ದೇ ಔಷಧಿ.

ಸರಕಾರದ ದಫ್ತರಿನಲ್ಲಿ ಈ ಶಬ್ದದ ಇನ್ನೊಂದು ಮುಖವಿದೆ. ಸಾತಬಾರಾ ಉತಾರೆಯಲ್ಲಿ ‘ಪೋಟಖರಾಬ’ ಎಂಬ ಕಲಮು ಇರುವುದನ್ನು ರೈತರೆಲ್ಲರೂ ಬಲ್ಲರು. ಅದರಲ್ಲಿ ‘ಅ’ ವರ್ಗವೆಂದರೆ ಸಾಗುವಳಿಗೆ ಬಾರದ ನೆಲ. ‘ಬ’ ವರ್ಗವೆಂದರೆ ದಾರಿ, ಕಾಲುವೆ, ಕೆರೆ ಮೊದಲಾದ ಸಾರ್ವಜನಿಕ ಕೆಲಸಕ್ಕೆ ಸಂದ ನೆಲ. ಊರವರೆಲ್ಲ ನಡೆಯುವ ದಾರಿಯೂ ದನ ನೀರು ಕುಡಿಯುವ ಕೆರೆಯೂ ಹೇಗೆ ಖರಾಬ ಆದವು? ಅವುಗಳಿಂದ ಕಂದಾಯ ಬಾರದು, ಅಷ್ಟೇ! ಖಜಾನೆಯ ಕಣ್ಣಿನಿಂದ ಹುಟ್ಟಿದ ಶಬ್ದವನ್ನು ಎಲ್ಲದಕ್ಕೂ ಅಂಟಿಸಿದರೆ ಲೋಕವನ್ನೂ ಆ ಕಣ್ಣಿನಿಂದಲೇ ಕಾಣಬೇಕಾಗುತ್ತದೆ.

‘ಮಹಾರಾಷ್ಟ್ರದಲ್ಲಿ ಬಾಳುವ ನಮಗೆ ಇಷ್ಟು ಕನ್ನಡವೇಕೆ? ತಿಳಿದರೆ ಸಾಕಲ್ಲ!’ ಎಂಬವರುಂಟು. ಅವರು 2019ರ ಆಗಸ್ಟ್ ತಿಂಗಳ ಕೃಷ್ಣೆಯ ಮಹಾಪೂರವನ್ನು ನೆನೆಯಲಿ. ನಿಂತ ಬೆಳೆ ಕೊಳೆಯುವುದು ಬೇರೆ, ಮಣ್ಣೇ ಕೊಚ್ಚಿ ಹೋಗುವುದು ಬೇರೆ; ಸರಕಾರದ ಪರಿಹಾರದ ನಿಯಮಗಳಲ್ಲಿಯೂ ಬೆಳೆಹಾನಿ ಬೇರೆ, ಭೂಮಿಹಾನಿ ಬೇರೆ. ಪಂಚನಾಮೆಯ ಹೊತ್ತಿಗೆ ‘ಎಲ್ಲಾ ಖರಾಬ ಆತು’ ಎಂದಷ್ಟೇ ಹೇಳಬಲ್ಲವನು ತನ್ನ ಹಕ್ಕನ್ನು ಹೇಗೆ ಕೇಳಿಯಾನು? ತನ್ನ ಭಾಷೆಯಲ್ಲಿ ಭೇದವನ್ನರಿತ ಹುಡುಗನು ಮರಾಠಿಯಲ್ಲಿಯೂ ತಕ್ಕ ಮಾತನ್ನು ಹುಡುಕಿಕೊಳ್ಳುತ್ತಾನೆ. ಭೇದವನ್ನೇ ಅರಿಯದವನು ಎರಡರಲ್ಲಿಯೂ ಮೂಕನು.

ಇನ್ನು ಅಧ್ಯಾಪಕ ಬಂಧುಗಳಿಗೆ ಒಂದು ಮಾತು. ‘ಕೇಡು, ಹಾಳು, ನಾಶ, ಧ್ವಂಸ, ಕ್ಷಯ: ಸಮಾನಾರ್ಥಕ ಪದಗಳು’ ಎಂದು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವ ಪದ್ಧತಿಯೂ ಈ ಬಡತನಕ್ಕೆ ಕಾರಣವೇ. ಇವು ಸಮಾನವೆಲ್ಲಿ? ಧ್ವಂಸಕ್ಕೆ ಕೆಡಹುವ ಕೈ ಬೇಕು, ಕ್ಷಯವು ದಿನದಿನಕ್ಕೆ ಸವೆಯುವುದು, ನಾಶವಾದದ್ದು ಉಳಿಯುವುದಿಲ್ಲ, ಹಾಳಾದದ್ದು ಉಳಿದೂ ಬರಿದಾಗಿ ನಿಲ್ಲುತ್ತದೆ. 1565ರ ಯುದ್ಧದ ಅನಂತರದ ರಾಜಧಾನಿಯನ್ನು ಜನ ‘ಹಾಳು ಹಂಪೆ’ ಎಂದರು, ‘ನಾಶ ಹಂಪೆ’ ಎನ್ನಲಿಲ್ಲ. ಕಲ್ಲುಗಳು ಇನ್ನೂ ನಿಂತಿದ್ದವು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯಲ್ಲಿ ‘ಹಾಳು’ ತೆಗೆದು ‘ಧ್ವಂಸ’ ಇಟ್ಟು ನೋಡಿರಿ, ಗಾದೆಯೇ ಸತ್ತು ಹೋಗುತ್ತದೆ.

ವಿದ್ಯಾರ್ಥಿಗಳು ವ್ಯಾಕರಣದ ಒಂದು ಸೂಕ್ಷ್ಮವನ್ನೂ ಗಮನಿಸಲಿ. ಪಡು ಎಂಬುದರಿಂದ ಪಾಡು, ಬಿಡು ಎಂಬುದರಿಂದ ಬೀಡು ಆದಂತೆ ಕೆಡು ಎಂಬುದರಿಂದ ಕೇಡು ಆಯಿತು. ಅದೇ ಧಾತುವಿನಿಂದ ‘ಕೆಡಿಸು’ ಎಂಬ ರೂಪವೂ ಬಂತು. ಕೆಟ್ಟಿತು ಎನ್ನುವಾಗ ಯಾರ ಮೇಲೂ ಹೊಣೆಯಿಲ್ಲ. ಕೆಡಿಸಿದರು ಎಂದೊಡನೆ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ. ‘ಗಡಿಯ ಕನ್ನಡ ಕೆಟ್ಟಿತು’ ಎಂದು ನಿಟ್ಟುಸಿರು ಬಿಡುವವರೇ, ಕೆಡಿಸಿದವರು ಯಾರು?

ಆದುದರಿಂದ ನಮ್ಮ ಸೂಚನೆ ಇಷ್ಟು. ಬಾಯಿಪಾಠದ ಪಟ್ಟಿಯನ್ನು ಒಂದು ವಾರ ಬದಿಗಿಡಿರಿ. ಹಾಲು, ಹಿಟ್ಟು, ಗೋಡೆ, ಬಾವಿ, ಹೊಲ, ಬಳ್ಳಿ, ಇವು ಕೆಟ್ಟಾಗ ಮನೆಯಲ್ಲಿ ಅಜ್ಜಿ ಏನೆನ್ನುತ್ತಾಳೆಂದು ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಕೇಳಿ ಹತ್ತು ಮಾತುಗಳನ್ನು ಬರೆದು ತರಲಿ. ಆ ಮಾತುಗಳನ್ನು ವಾಕ್ಯದಲ್ಲಿ ಬಳಸಲಿ. ಅಜ್ಜಿಯರು ಇರುವಾಗಲೇ ಈ ಕೆಲಸ ಆಗಬೇಕು. ಕೆಟ್ಟ ಮೇಲೆ ಬಂದ ಬುದ್ಧಿಯಿಂದ ಪ್ರಯೋಜನವಿಲ್ಲ.