ಸಾಕಿದ ಮೀನೋ, ಕಡಲ ಮೀನೋ?

ಜೂನ್ 1ರಿಂದ ಜುಲೈ 31ರ ವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಈ 61 ದಿನ ನಮ್ಮ ಮನೆಗಳಲ್ಲಿ ಒಂದೇ ಮಾತು: ‘ಬಂಗುಡೆಗೆ ಇಷ್ಟು ರೇಟಾ?’ ನಾಡದೋಣಿಯವರು ತರುವ ಮೀನು ಎಲ್ಲರಿಗೂ ಸಾಕಾಗುವುದಿಲ್ಲ. ಆಗ ಅಂಗಡಿಯಲ್ಲಿ ಕೆರೆಯ ರೋಹು, ಕಾಟ್ಲಾ, ಹೊಂಡದಲ್ಲಿ ಸಾಕಿದ ಸಿಗಡಿ, ಪಂಜರದ ಸೀಬಾಸ್ ಕಾಣಿಸುತ್ತವೆ. ‘ಅದೆಲ್ಲ ಮದ್ದು ಹಾಕಿ ಬೆಳೆಸಿದ್ದು, ಬೇಡ’ ಅಂತ ಹಿರಿಯರು ಮುಖ ತಿರುಗಿಸುತ್ತಾರೆ. ಈ ಮಾತಿನಲ್ಲಿ ಎಷ್ಟು ಸತ್ಯ ಇದೆ ಅಂತ ನಾವು ಒಮ್ಮೆ ನೋಡಬೇಕು.

ಮೊದಲನೆಯದಾಗಿ, ಕಡಲ ಮೀನು ಅಂದ ಕೂಡಲೇ ತಾಜಾ ಅಂತ ಅಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲಿಯ ಮೀನು ಐಸ್ ಲಾರಿಯಲ್ಲಿ ಘಟ್ಟ ದಾಟಿ ನಮ್ಮಲ್ಲಿಗೆ ಬರುತ್ತದೆ. ಹಿಡಿದು ಎಷ್ಟು ದಿನವಾಯಿತು, ದಾರಿಯಲ್ಲಿ ಐಸ್ ಸರಿಯಾಗಿತ್ತಾ ಅಂತ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. 2018ರಲ್ಲಿ ಕೇರಳದ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಾಲಿನ್ ಬೆರೆಸಿದ ಮೀನು ರಾಶಿ ರಾಶಿಯಾಗಿ ಸಿಕ್ಕಿಬಿದ್ದದ್ದು ನೆನಪಿರಬಹುದು.

ಎರಡನೆಯದಾಗಿ, ಸಾಕಿದ್ದೆಲ್ಲ ವಿಷವೂ ಅಲ್ಲ, ಸಾಕಿದ್ದೆಲ್ಲ ಒಂದೇ ಬಗೆಯದೂ ಅಲ್ಲ. ಈಗ ಹೆಚ್ಚಾಗಿ ಸಿಗುವ ಸಾಕಿದ ಸಿಗಡಿ ವನಾಮಿ ಜಾತಿಯದ್ದು. ಇದರ ಮೂಲ ಲ್ಯಾಟಿನ್ ಅಮೆರಿಕದ ಪೆಸಿಫಿಕ್ ತೀರ. ನಮ್ಮ ದೇಶದಲ್ಲಿ ಸಾಕಲು ಅನುಮತಿ ಸಿಕ್ಕಿದ್ದು 2009ರಲ್ಲಿ, ಅತಿ ಹೆಚ್ಚು ಬೆಳೆಯುವುದು ಆಂಧ್ರದಲ್ಲಿ. ಒತ್ತೊತ್ತಾಗಿ ಸಾಕುವಾಗ ರೋಗ ಬೇಗ ಹರಡುತ್ತದೆ, ಆಗ ಕೆಲವರು ಆ್ಯಂಟಿಬಯಾಟಿಕ್ ಬಳಸುತ್ತಾರೆ. ಹೊರದೇಶಕ್ಕೆ ಹೋಗುವ ಸಿಗಡಿಯನ್ನು ಇದಕ್ಕಾಗಿ ಪರೀಕ್ಷೆ ಮಾಡುತ್ತಾರೆ. ಯುರೋಪ್, ಅಮೆರಿಕದಿಂದ ಸರಕು ವಾಪಸ್ ಬಂದದ್ದೂ ಉಂಟು. ಆದರೆ ನಮ್ಮ ಸಂತೆಗೆ ಬರುವ ಸಿಗಡಿಯನ್ನು ಅಷ್ಟೇ ಕಟ್ಟುನಿಟ್ಟಾಗಿ ಯಾರು ನೋಡುತ್ತಾರೆ? ಅಮೆರಿಕದವರ ಹೊಟ್ಟೆಗೆ ಇರುವ ಕಾಳಜಿ ನಮ್ಮ ಮಕ್ಕಳ ಹೊಟ್ಟೆಗೂ ಬೇಕಲ್ವಾ?

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚು ಚರ್ಚೆಯಾಗುವುದಿಲ್ಲ. ಸಾಕುವ ಸಿಗಡಿ, ಸೀಬಾಸ್‌ಗಳ ಆಹಾರದಲ್ಲಿ ಮೀನಿನ ಹುಡಿ, ಮೀನೆಣ್ಣೆ ಇರುತ್ತದೆ. ಅದು ತಯಾರಾಗುವುದು ಬೂತಾಯಿಯಂಥ ಸಣ್ಣ ಮೀನು ಮತ್ತು ಬಲೆಗೆ ಬಿದ್ದ ಮರಿಮೀನುಗಳಿಂದ. ಇದರ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲೇ ಇವೆ. ಅಂದರೆ ಬಡವರ ಗಂಜಿಯ ಜೊತೆ ಇರಬೇಕಾದ ಬೂತಾಯಿ ಹುಡಿಯಾಗಿ ಸಿಗಡಿಯ ಹೊಂಡಕ್ಕೆ ಹೋಗುತ್ತದೆ. ಸಿಗಡಿ ಸಾಕಿದರೆ ಕಡಲಿನ ಭಾರ ಇಳಿಯುತ್ತದೆ ಅನ್ನುವ ಮಾತನ್ನು ಹಾಗೇ ಒಪ್ಪುವಂತಿಲ್ಲ. ರೋಹು, ಕಾಟ್ಲಾದ ಲೆಕ್ಕ ಬೇರೆ, ಅವಕ್ಕೆ ಮುಖ್ಯವಾಗಿ ತೌಡು, ಹಿಂಡಿ ಸಾಕು. ಪಚ್ಚಿಲೆಗಂತೂ ಆಹಾರ ಹಾಕುವುದೇ ಬೇಡ, ಹೊಳೆ ನೀರನ್ನೇ ಸೋಸಿ ಬದುಕುತ್ತದೆ. ಪಕ್ಕದ ಕಾಸರಗೋಡಿನ ಪಡನ್ನದಲ್ಲಿ ಹಗ್ಗಕ್ಕೆ ಕಟ್ಟಿ ಅದನ್ನು ಬೆಳೆಸುತ್ತಾರೆ.

ಕಡಲಿನ ಸ್ಥಿತಿಯೂ ಮೊದಲಿನಂತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಇಳಿಯಿತು. ಕಡಲಿನ ಹವಾಮಾನದ ಏರುಪೇರು ಇದಕ್ಕೆ ದೊಡ್ಡ ಕಾರಣ. ಅದರ ಮೇಲೆ ಮರಿಗಳನ್ನೂ ಬಾಚಿದರೆ ಚೇತರಿಕೆ ಎಲ್ಲಿಂದ? ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲಿಂಗ್ ಅನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಅದರ ಜಗಳ ನಿಂತಿಲ್ಲ. ಇದರ ಪೆಟ್ಟು ಮೊದಲು ಬೀಳುವುದು ನಾಡದೋಣಿಯವರಿಗೆ, ಆಮೇಲೆ ಸ್ಕೂಟರಿನಲ್ಲಿ ಮೀನು ಮಾರುವ ನಮ್ಮವರಿಗೆ.

ಹಾಗಾದರೆ ಏನು ಕೊಳ್ಳಬೇಕು? ಋತುವಿನಲ್ಲಿ ಸಿಗುವ ಬೂತಾಯಿ, ಬಂಗುಡೆಯೇ ನಮಗೆ ಮೊದಲ ಆಯ್ಕೆ. ಒಮೆಗಾ-3 ಕೊಬ್ಬು ಹೆಚ್ಚು, ಶಾರ್ಕ್‌ನಂಥ ದೊಡ್ಡ ಮೀನಿಗಿಂತ ಪಾದರಸ ಕಮ್ಮಿ. ಆದರೆ ಗೇಣುದ್ದವೂ ಇಲ್ಲದ ಬಂಗುಡೆ ಮರಿ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನೋಣ. ಕೇರಳದಲ್ಲಿ ಬಂಗುಡೆ 14, ಬೂತಾಯಿ 10 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ನಿಷೇಧದ ತಿಂಗಳಲ್ಲಿ ಹತ್ತಿರದ ಕೆರೆಯ ಮೀನು, ಅಳಿವೆ ಪಂಜರದ ಮೀನು ಕೊಳ್ಳಲು ಹಿಂಜರಿಯಬೇಕಿಲ್ಲ, ಸಾಕಿದವರು ಯಾರು ಅಂತ ಕೇಳಿ ತಿಳಿಯಬಹುದು. ದೂರದಿಂದ ಬಂದ ಹೆಸರಿಲ್ಲದ ಸಿಗಡಿ ವಾರದ ಊಟವಾಗದೆ ಅಪರೂಪದ ಊಟವಾಗಿರಲಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ದೇಶದಲ್ಲಿ ನಿಷೇಧವಿದೆ, ಅದನ್ನು ಮನೆಗೆ ತರುವುದೇ ಬೇಡ.

ಬರೀ ಗಿರಾಕಿಗಳ ಎಚ್ಚರಿಕೆಯಿಂದ ಎಲ್ಲ ಸರಿಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ‘ಸಾಕಿದ್ದು’, ‘ಕಡಲದ್ದು’, ‘ಎಲ್ಲಿಂದ ಬಂದದ್ದು’ ಅನ್ನುವ ಬೋರ್ಡ್ ಇರಬೇಕು. ಆಹಾರ ಸುರಕ್ಷತೆಯವರು ಮಳೆಗಾಲದಲ್ಲಿ ಮೀನು ಲಾರಿಗಳನ್ನು ತಪಾಸಣೆ ಮಾಡಿ ಫಲಿತಾಂಶವನ್ನು ಜನರ ಮುಂದಿಡಬೇಕು. ನಮ್ಮ ಸಂಘಟನೆಗಳು, ವಾರ್ಡಿನ ಪ್ರತಿನಿಧಿಗಳು ಇದನ್ನು ಕೇಳಬೇಕು. ಮೀನಿಲ್ಲದೆ ಊಟ ಇಳಿಯದ ನಾವೇ ಕೇಳದಿದ್ದರೆ ಇನ್ಯಾರು ಕೇಳುತ್ತಾರೆ?